ದುರ್ಗದ ಕೊನೆಯ ದೊರೆ: ಕೋಟೆ ಉಳಿಯಿತು, ಜನ ಹೋದರು

ಚಿತ್ರದುರ್ಗ: ಪ್ರತಿ ವರ್ಷ ಅಕ್ಟೋಬರ್ 13 ಬಂತೆಂದರೆ ದುರ್ಗದಲ್ಲಿ ಮದಕರಿ ನಾಯಕರ ಪ್ರತಿಮೆಗೆ ಹಾರ ಬೀಳುತ್ತೆ, ಮೆರವಣಿಗೆ ಹೊರಡುತ್ತೆ, ಭಾಷಣ ನಡೆಯುತ್ತೆ. ಆದರೆ ಈ ದೊರೆ ಪಟ್ಟಕ್ಕೆ ಬಂದಾಗ ಇನ್ನೂ ಹನ್ನೆರಡರ ಹುಡುಗ ಅನ್ನೋದು ಭಾಷಣದ ಅಬ್ಬರದಲ್ಲಿ ಎಷ್ಟೋ ಸಲ ಮರೆತೇ ಹೋಗುತ್ತೆ.

ಹಿಂದಿನ ದೊರೆ ಕಸ್ತೂರಿ ರಂಗಪ್ಪ ನಾಯಕರಿಗೆ ಮಕ್ಕಳಿರಲಿಲ್ಲ. ಅವರು ತೀರಿಕೊಂಡ ಮೇಲೆ ಜಾನಕಲ್ ಭರಮಪ್ಪ ನಾಯಕರ ಮಗ ಮದಕರಿಗೆ 1754ರಲ್ಲಿ ಪಟ್ಟ ಕಟ್ಟಿದರು. ಆಟ ಆಡೋ ವಯಸ್ಸಲ್ಲಿ ಒಂದು ಸಂಸ್ಥಾನ ಹೆಗಲಿಗೆ ಬಿತ್ತು.

ಆ ಸಂಸ್ಥಾನ ಆಗಲೇ ಎರಡು ಶತಮಾನದ ಹತ್ತಿರ ಬಂದಿತ್ತು. ಮತ್ತಿ ತಿಮ್ಮಣ್ಣ ನಾಯಕರು ವಿಜಯನಗರದ ಅರಸರಿಂದ ಮೊದಲು ಹೊಳಲ್ಕೆರೆ, ಆಮೇಲೆ ಹಿರಿಯೂರು, ಚಿತ್ರದುರ್ಗದ ನಾಯಕತನ ಪಡೆದರು. 1568ರಿಂದ ದುರ್ಗವೇ ಮನೆತನದ ಗದ್ದುಗೆ ಆಯಿತು. ಒಬ್ಬೊಬ್ಬ ನಾಯಕರು ಒಂದೊಂದು ಗೋಡೆ, ಒಂದೊಂದು ಗುಡಿ, ಒಂದೊಂದು ಕೆರೆ ಸೇರಿಸಿದರು. ಭರಮಸಾಗರ ಅನ್ನೋ ಊರಿನ ಹೆಸರಲ್ಲೇ ಭರಮಣ್ಣ ನಾಯಕರು ಈಗಲೂ ಇದ್ದಾರೆ.

ಏಳು ಸುತ್ತಿನ ಕೋಟೆ ಅಂದರೆ ಬರೀ ಗೋಡೆ ಅಲ್ಲ. ಮೇಲುದುರ್ಗದಲ್ಲಿ ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ, ಏಕನಾಥೇಶ್ವರಿ ಗುಡಿಗಳು. ನಾಣ್ಯ ಹಾಕೋಕೆ ಟಂಕಸಾಲೆ. ಕಾಳು ತುಂಬೋಕೆ ಕಣಜ, ಎಣ್ಣೆ ತುಂಬೋಕೆ ಕೊಳ, ಮದ್ದು ಅರೆಯೋಕೆ ದೊಡ್ಡ ಬೀಸುವ ಕಲ್ಲು. ಬಂಡೆ ಮೇಲೆ ಬಿದ್ದ ಮಳೆ ನೀರು ಗೋಪಾಲಸ್ವಾಮಿ ಹೊಂಡ ತುಂಬಿ, ಅಲ್ಲಿಂದ ಅಕ್ಕ ತಂಗಿ ಹೊಂಡಕ್ಕೆ ಇಳಿದು, ಕೆಳಗೆ ಊರಿನ ಕಡೆಗೆ ಬರೋ ಹಾಗೆ ವ್ಯವಸ್ಥೆ ಮಾಡಿದ್ದರು. ಮಳೆ ಕಮ್ಮಿ ಇರೋ ಸೀಮೆ ಇದು. ನೀರು ಹಿಡಿದಿಟ್ಟವನೇ ಇಲ್ಲಿ ದೊರೆ.

ಮದಕರಿ ನಾಯಕರ ಕಷ್ಟ ಕೋಟೆ ಹೊರಗಿತ್ತು. ದಕ್ಷಿಣಕ್ಕೆ ಮೈಸೂರಿನಲ್ಲಿ ಹೈದರಾಲಿ ದಿನೇ ದಿನೇ ಬೆಳೀತಿದ್ದ. ಉತ್ತರಕ್ಕೆ ಮರಾಠರು. ಇಬ್ಬರಿಗೂ ದುರ್ಗದ ಬೇಡ ಪಡೆ ಬೇಕು, ಇಬ್ಬರಿಗೂ ಕಪ್ಪ ಬೇಕು. ಒಬ್ಬರ ಕಡೆ ವಾಲಿದರೆ ಇನ್ನೊಬ್ಬರಿಗೆ ಸಿಟ್ಟು. 1763ರಲ್ಲಿ ಹೈದರ್ ಬಿದನೂರಿನ ಮೇಲೆ ಹೋದಾಗ ದುರ್ಗದ ನೆರವು ಅವನಿಗಿತ್ತು. 1770ರಲ್ಲಿ ಪೇಶ್ವೆ ಮಾಧವರಾಯರು ನಿಜಗಲ್ಲು ಕೋಟೆ ಮುತ್ತಿದಾಗ ಗೋಡೆ ಹತ್ತಿ ಒಳಗೆ ನುಗ್ಗಿದ್ದು ಇದೇ ದುರ್ಗದ ಬೇಡರು. ಹೀಗೆ ಎರಡು ದೊಡ್ಡ ಶಕ್ತಿಗಳ ನಡುವೆ ನಾಯಕರು ಇಪ್ಪತ್ತೈದು ವರ್ಷ ರಾಜ್ಯ ಉಳಿಸಿಕೊಂಡರು. ಅದೇನು ಸಣ್ಣ ಮಾತಲ್ಲ.

ಕೊನೆಗೆ ಹೈದರಾಲಿಗೆ ತಾಳ್ಮೆ ತಪ್ಪಿತು. 1777ರಲ್ಲಿ ದುರ್ಗಕ್ಕೆ ಮುತ್ತಿಗೆ ಬಿತ್ತು. ತಿಂಗಳುಗಟ್ಟಲೆ ಕೂತರೂ ಕೋಟೆ ಬಗ್ಗಲಿಲ್ಲ. ಮರಾಠರು ಬರ್ತಿದ್ದಾರೆ ಅಂತ ಗೊತ್ತಾಗಿ ಹೈದರ್ ಮುತ್ತಿಗೆ ತೆಗೆದು ಹೋದ, ಆಮೇಲೆ ಮತ್ತೆ ಬಂದ. ಕಹಳೆ ಮುದ್ದ ಹನುಮನ ಹೆಂಡತಿ ಓಬವ್ವ ಕಿಂಡಿ ಹತ್ತಿರ ಒನಕೆ ಹಿಡಿದು ನಿಂತ ಕಥೆ ಹೈದರನ ದಾಳಿಯ ಕಾಲದ್ದೇ. ಊಟಕ್ಕೆ ಕೂತ ಗಂಡನಿಗೆ ನೀರು ತರಲು ಹೋದ ಹೆಂಗಸು, ಕಿಂಡಿಯಲ್ಲಿ ತಲೆ ಹಾಕಿದ ಸೈನಿಕರನ್ನು ಒಬ್ಬೊಬ್ಬರಾಗಿ ಬಡಿದು ಹಾಕಿದಳು. ಆಕೆ ಸಂಬಳದ ಸೈನಿಕಳಲ್ಲ, ಕಾವಲುಗಾರನ ಮನೆಯಾಕೆ. ಕೋಟೆಯನ್ನು ಕಾದವರು ಇಂಥವರು.

1779ರಲ್ಲಿ ದುರ್ಗ ಬಿತ್ತು. ಮದ್ದುಗುಂಡಿಗೆ ಜಗ್ಗದ ಕೋಟೆ ಒಳಗಿನವರ ದ್ರೋಹಕ್ಕೆ ಜಗ್ಗಿತು. ಮೂವತ್ತೇಳರ ಆಸುಪಾಸಿನ ನಾಯಕರನ್ನೂ ಅವರ ಮನೆಯವರನ್ನೂ ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. 1782ರಲ್ಲಿ ಸೆರೆಯಲ್ಲೇ ಅವರು ಕೊನೆಯುಸಿರೆಳೆದರು. ಅವರ ಇಬ್ಬರು ರಾಣಿಯರು ಹೊಂಡಕ್ಕೆ ಹಾರಿ ಪ್ರಾಣ ಬಿಟ್ಟರು, ಅದಕ್ಕೇ ಅದು ಅಕ್ಕ ತಂಗಿ ಹೊಂಡ ಅಂತ ಊರಲ್ಲಿ ಈಗಲೂ ಹೇಳ್ತಾರೆ.

ಇಲ್ಲಿವರೆಗಿನ ಕಥೆ ಎಲ್ಲರಿಗೂ ಗೊತ್ತು. ಕಮ್ಮಿ ಗೊತ್ತಿರೋದು ಮುಂದಿನದು. ನಾಯಕರ ಜೊತೆ ಸುಮಾರು 20,000 ಬೇಡರನ್ನೂ ಹೈದರ್ ದುರ್ಗ ಸೀಮೆಯಿಂದ ಶ್ರೀರಂಗಪಟ್ಟಣದ ಕಡೆಗೆ ಸಾಗಿಸಿದ. ಅವರ ಗಂಡುಹುಡುಗರನ್ನು ಬೇರೆ ಮಾಡಿ ಚೇಲಾ ಪಡೆ ಅಂತ ಕಟ್ಟಿದ. ಗೋಡೆ ಮುರಿದರೆ ಮತ್ತೆ ಕಟ್ಟಬಹುದು, ಕಾಯೋ ಜನರೇ ಇಲ್ಲದಿದ್ದರೆ ದುರ್ಗ ಮತ್ತೆ ಎದ್ದೇಳಲ್ಲ ಅನ್ನೋ ಲೆಕ್ಕ ಅದರಲ್ಲಿ ಕಾಣುತ್ತೆ. ಇಪ್ಪತ್ತು ಸಾವಿರ ಜನ ಅಂದರೆ ಇಪ್ಪತ್ತು ಸಾವಿರ ಜೊತೆ ಕೈ. ಹೊಲ ಉಳೋರು, ದನ ಕಾಯೋರು, ಸಂತೆಗೆ ಬರೋರು, ಕೆರೆ ಏರಿ ನೋಡಿಕೊಳ್ಳೋರು. ಅವರು ಹೋದ ಮೇಲೆ ಸಂತೆಗೆ ಯಾರು ಬರಬೇಕು, ಏರಿ ಯಾರು ಕಾಯಬೇಕು?

ಹೈದರ್, ಟಿಪ್ಪು ಕಾಲದಲ್ಲಿ ಕೋಟೆ ಇನ್ನೂ ಗಟ್ಟಿಯಾಯಿತು. ಆದರೆ ಅದು ರಾಜಧಾನಿಯಾಗಿ ಉಳಿಯಲಿಲ್ಲ, ಮೈಸೂರಿನ ಠಾಣ್ಯವಾಯಿತು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಒಡೆಯರ ಮೈಸೂರಿಗೆ ಸೇರಿತು. ನಾಯಕರು ಬಾಳಿದ ಅರಮನೆ ಈಗ ಮಳೆಗೆ ಕರಗಿ ಉಳಿದ ಮಣ್ಣಿನ ಗೋಡೆ.

ಇವತ್ತು ಕೋಟೆ ಕೇಂದ್ರ ಪುರಾತತ್ವ ಇಲಾಖೆ ಕೈಯಲ್ಲಿದೆ. ತ.ರಾ.ಸು. ಅವರ ದುರ್ಗಾಸ್ತಮಾನ ಓದಿದವರು, ನಾಗರಹಾವು ಸಿನಿಮಾ ನೋಡಿದವರು ಕೋಟೆ ಹುಡುಕಿಕೊಂಡು ಬರ್ತಾರೆ. ಗೈಡು, ಆಟೋ, ಎಳನೀರು, ಹೋಟೆಲ್ ಅಂತ ಎಷ್ಟೋ ಮನೆಗಳ ಒಲೆ ಅದರಿಂದ ಉರಿಯುತ್ತೆ. ಬೆಂಗಳೂರು–ಪುಣೆ ಹೆದ್ದಾರಿ ಪಕ್ಕದಲ್ಲೇ ಇರೋದ್ರಿಂದ ಅರ್ಧ ದಿನ ನೋಡಿ ಗಾಡಿ ಹತ್ತಿ ಹೋಗೋರೂ ಇದ್ದಾರೆ.

ಜಯಂತಿ ದಿನ ಹಾರ ಹಾಕೋದು ಸರಿಯೇ. ಜೊತೆಗೆ ಊರು ಬಿಟ್ಟು ನಡೆದ ಆ ಇಪ್ಪತ್ತು ಸಾವಿರ ಜನರನ್ನೂ ಒಂದು ಸಲ ನೆನೆದರೆ ಚೆನ್ನ. ಅವರ ಹೆಸರು ಯಾವ ಪ್ರತಿಮೆ ಮೇಲೂ ಇಲ್ಲ. ಅವರಲ್ಲಿ ಎಷ್ಟು ಜನರಿಗೆ ಮತ್ತೆ ಈ ಗುಡ್ಡ ನೋಡೋ ಭಾಗ್ಯ ಸಿಕ್ಕಿತೋ, ಯಾರೂ ಲೆಕ್ಕ ಇಟ್ಟಿಲ್ಲ.