ಟಿಪ್ಪು ವಂಶದ ಧೀರ ಪುತ್ರಿ ನೂರ್ ಇನಾಯತ್ ಖಾನ್



1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಟಿಪ್ಪು ಸುಲ್ತಾನರು ಬ್ರಿಟಿಷರ ವಿರುದ್ಧ ಹೋರಾಡುತ್ತಾ ಮಡಿದ ಸಂಗತಿಯನ್ನು ನೀವೆಲ್ಲರೂ ಶಾಲೆಯ ಪಾಠದಲ್ಲಿ ಓದಿದ್ದೀರಿ. ಅದೇ ವಂಶದ ಒಬ್ಬ ಹೆಣ್ಣುಮಗಳು 145 ವರ್ಷಗಳ ನಂತರ ಜರ್ಮನಿಯ ಡಖಾವ್ ಯಾತನಾ ಶಿಬಿರದಲ್ಲಿ ಗುಂಡಿಗೆ ಬಲಿಯಾದರು. ಅವರು ಸೈನಿಕರ ಮನೆಯಲ್ಲಿ ಬೆಳೆದವರಲ್ಲ. ಮಕ್ಕಳಿಗಾಗಿ ಕಥೆ ಬರೆಯುತ್ತಿದ್ದ, ವೀಣೆಯಂತಹ ಹಾರ್ಪ್ ವಾದ್ಯ ನುಡಿಸುತ್ತಿದ್ದ, ಮೆಲುದನಿಯ ಹುಡುಗಿ. ಅವರೇ ನೂರ್ ಇನಾಯತ್ ಖಾನ್.

ಮೈಸೂರಿನೊಂದಿಗೆ ಅವರ ನಂಟು ಹೇಗೆ ಎಂದು ನೀವು ಕೇಳಬಹುದು. ಟಿಪ್ಪು ಮಡಿದ ಮೇಲೆ ಬ್ರಿಟಿಷರು ಅವರ ಮಕ್ಕಳನ್ನು ವೆಲ್ಲೂರಿಗೂ, 1806ರ ವೆಲ್ಲೂರು ದಂಗೆಯ ನಂತರ ಕಲ್ಕತ್ತೆಗೂ ಸಾಗಿಸಿದರು. ಮೈಸೂರಿನ ಆಸ್ಥಾನಕ್ಕೆ ಬಂದು ಮಹಾರಾಜರಿಂದ ಮನ್ನಣೆ ಪಡೆದ ಸಂಗೀತ ವಿದ್ವಾಂಸ ಮೌಲಾ ಬಕ್ಷ್ ಅವರು ಟಿಪ್ಪುವಿನ ಮೊಮ್ಮಗಳನ್ನು ವಿವಾಹವಾದರೆಂದು ಮನೆತನದವರು ಹೇಳುತ್ತಾ ಬಂದಿದ್ದಾರೆ. ಮುಂದೆ ಮೌಲಾ ಬಕ್ಷ್ ಬರೋಡಾದಲ್ಲಿ ಸಂಗೀತ ಶಾಲೆ ಸ್ಥಾಪಿಸಿದರು. ಅವರ ಮಗಳ ಮಗನೇ ಹಜ್ರತ್ ಇನಾಯತ್ ಖಾನ್. ಸಂಗೀತಗಾರರೂ ಸೂಫಿ ಗುರುಗಳೂ ಆಗಿದ್ದ ಅವರು 1910ರಲ್ಲಿ ಪಾಶ್ಚಾತ್ಯ ದೇಶಗಳಿಗೆ ತೆರಳಿದರು. ಅಮೆರಿಕದ ಓರಾ ರೇ ಬೇಕರ್ ಅವರನ್ನು ವಿವಾಹವಾದರು. ಆಕೆ ಅಮೀನಾ ಬೇಗಂ ಎಂಬ ಹೆಸರು ಪಡೆದರು. ಈ ದಂಪತಿಗಳ ನಾಲ್ವರು ಮಕ್ಕಳಲ್ಲಿ ಹಿರಿಯವರಾದ ನೂರ್ 1914ರ ಜನವರಿ 1ರಂದು ಮಾಸ್ಕೋದಲ್ಲಿ ಜನಿಸಿದರು.

ಕುಟುಂಬ ಮೊದಲು ಲಂಡನ್ನಿನಲ್ಲಿ, ನಂತರ ಪ್ಯಾರಿಸ್ ಸಮೀಪದ ಸುರೆನ್‌ನಲ್ಲಿ ನೆಲೆಸಿತು. ಅಲ್ಲಿನ ಮನೆಯ ಹೆಸರು ಫಜಲ್ ಮಂಜಿಲ್. 1926ರಲ್ಲಿ ಭಾರತಕ್ಕೆ ಹೋದ ತಂದೆ ಮರಳಿ ಬರಲಿಲ್ಲ. 1927ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಇಹಲೋಕ ತ್ಯಜಿಸಿದರು. ತಾಯಿ ದುಃಖದಿಂದ ಕೋಣೆ ಹಿಡಿದರು. ಆಗ ನೂರ್‌ಗೆ ಕೇವಲ 13 ವರ್ಷ. ತಮ್ಮಂದಿರನ್ನೂ ತಂಗಿಯನ್ನೂ ನೋಡಿಕೊಳ್ಳುವ ಹೊಣೆ ಆ ಎಳೆಯ ಹೆಗಲಿಗೆ ಬಿತ್ತು. ಆದರೂ ಓದು ಬಿಡಲಿಲ್ಲ. ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಮನಃಶಾಸ್ತ್ರವನ್ನೂ, ಸಂಗೀತ ವಿದ್ಯಾಲಯದಲ್ಲಿ ಪಾಶ್ಚಾತ್ಯ ಸಂಗೀತವನ್ನೂ ಕಲಿತರು. ಪ್ಯಾರಿಸ್ ರೇಡಿಯೋಗೂ ಫಿಗಾರೋ ಪತ್ರಿಕೆಗೂ ಮಕ್ಕಳ ಕಥೆಗಳನ್ನು ಬರೆದರು. ಬುದ್ಧನ ಜಾತಕ ಕಥೆಗಳಲ್ಲಿ 20ನ್ನು ಆರಿಸಿ ಇಂಗ್ಲಿಷಿನಲ್ಲಿ ಮರುನಿರೂಪಿಸಿದ ಅವರ ಪುಸ್ತಕ 1939ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಬೇಟೆಗಾರರಿಂದ ತನ್ನ ಹಿಂಡನ್ನು ಉಳಿಸಲು ತನ್ನ ಮೈಯನ್ನೇ ಸೇತುವೆಯಾಗಿ ಚಾಚಿದ ವಾನರ ರಾಜನ ಕಥೆ ಅದರಲ್ಲಿದೆ. ಈ ಕಥೆಯನ್ನು ನೆನಪಿಡಿ.

ಅದೇ ವರ್ಷ ಎರಡನೆಯ ಮಹಾಯುದ್ಧ ಆರಂಭವಾಯಿತು. 1940ರ ಜೂನ್‌ನಲ್ಲಿ ನಾಜಿ ಸೈನ್ಯ ಪ್ಯಾರಿಸ್ ಪ್ರವೇಶಿಸಿದಾಗ ಕುಟುಂಬ ಇಂಗ್ಲೆಂಡಿಗೆ ಪಾರಾಯಿತು. ನೂರ್ ಮತ್ತು ತಮ್ಮ ವಿಲಾಯತ್ ಅಹಿಂಸೆಯನ್ನು ನಂಬಿದವರು. ಆದರೆ ನಿರಪರಾಧಿಗಳ ಮೇಲೆ ದೌರ್ಜನ್ಯ ನಡೆಯುತ್ತಿರುವಾಗ ಸುಮ್ಮನೆ ಕೂರುವುದು ಧರ್ಮವೇ? ಈ ಪ್ರಶ್ನೆ ಇಬ್ಬರನ್ನೂ ಕಾಡಿತು. ಕೊಲ್ಲದೆಯೇ ಸಾವಿಗೆ ಎದುರಾಗುವ ಕೆಲಸವನ್ನು ನೂರ್ ಬಯಸಿದರು. ಆ ವರ್ಷ ನವೆಂಬರ್‌ನಲ್ಲಿ ವಾಯುಪಡೆಯ ಮಹಿಳಾ ವಿಭಾಗಕ್ಕೆ ಸೇರಿ ವೈರ್‌ಲೆಸ್ ತರಬೇತಿ ಪಡೆದರು.

ಟಿಪ್ಪುವಿನ ವಂಶದ ಹುಡುಗಿ ಬ್ರಿಟಿಷರ ಸೇವೆಗೆ ಸೇರಬಹುದೇ ಎಂದು ನಿಮಗೆ ಅನಿಸಿರಬಹುದು. ನೂರ್ ಯಾವುದನ್ನೂ ಮುಚ್ಚಿಡಲಿಲ್ಲ. ಅಧಿಕಾರಿಗಳ ಮಂಡಳಿ ಸಂದರ್ಶನ ನಡೆಸಿದಾಗ, ಯುದ್ಧ ಮುಗಿದ ಮೇಲೆ ಭಾರತದ ಸ್ವಾತಂತ್ರ್ಯಕ್ಕೆ ಬೆಂಬಲ ಕೊಡುವುದು ತಮ್ಮ ಕರ್ತವ್ಯವಾಗಬಹುದು ಎಂದು ನೇರವಾಗಿ ಹೇಳಿದರು. ಬ್ರಿಟಿಷ್ ಸಮವಸ್ತ್ರ ತೊಟ್ಟೇ ಈ ಮಾತನ್ನು ಆಡಲು ಎಷ್ಟು ಧೈರ್ಯ ಬೇಕೆಂದು ಯೋಚಿಸಿ.

1943ರಲ್ಲಿ ಎಸ್.ಓ.ಇ. ಎಂಬ ಗುಪ್ತ ಸಂಸ್ಥೆಗೆ ಅವರ ಆಯ್ಕೆಯಾಯಿತು. ತರಬೇತುದಾರರಲ್ಲಿ ಕೆಲವರಿಗೆ ನಂಬಿಕೆ ಇರಲಿಲ್ಲ. ಈಕೆ ಮುಗ್ಧೆ, ಕಪಟ ಗೊತ್ತಿಲ್ಲ, ಈ ಕೆಲಸಕ್ಕೆ ತಕ್ಕವಳಲ್ಲ ಎಂಬ ಅಭಿಪ್ರಾಯವಿತ್ತು. ಆದರೂ ಆ ವರ್ಷ ಜೂನ್ 16ರ ರಾತ್ರಿ ಒಂದು ಸಣ್ಣ ವಿಮಾನ ಅವರನ್ನು ಫ್ರಾನ್ಸಿನ ಹೊಲವೊಂದರಲ್ಲಿ ಇಳಿಸಿತು. ನಾಜಿ ಆಕ್ರಮಿತ ಫ್ರಾನ್ಸಿಗೆ ಆ ಸಂಸ್ಥೆ ಕಳಿಸಿದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಅವರೇ. ಗುಪ್ತನಾಮ ಮ್ಯಾಡಲೀನ್.

ಇಳಿದ ಹತ್ತು ದಿನಗಳೊಳಗೆ ಪ್ಯಾರಿಸ್ಸಿನ ಗುಪ್ತಜಾಲದ ಮುಖಂಡರು ಒಬ್ಬೊಬ್ಬರಾಗಿ ಸೆರೆಯಾದರು. ಮರಳಿ ಬರಲು ಲಂಡನ್ ಸೂಚಿಸಿತು. ನೂರ್ ಒಪ್ಪಲಿಲ್ಲ. ತಾವು ಹೊರಟರೆ ಪ್ಯಾರಿಸ್ಸಿನಿಂದ ಲಂಡನ್ನಿಗೆ ಸುದ್ದಿ ತಲುಪಿಸುವವರು ಇರುವುದಿಲ್ಲ ಎಂಬುದು ಅವರ ಉತ್ತರ. ಆ ಕಾಲದಲ್ಲಿ ವೈರ್‌ಲೆಸ್ ಆಪರೇಟರ್ ಒಬ್ಬರು ಸಿಕ್ಕಿಬೀಳದೆ ಉಳಿಯುವ ಅವಧಿ ಆರು ವಾರವೆಂದು ಲೆಕ್ಕವಿತ್ತು. ನೂರ್ ಸುಮಾರು ನಾಲ್ಕು ತಿಂಗಳು ಉಳಿದರು. ಸೂಟ್‌ಕೇಸಿನಲ್ಲಿ ಭಾರವಾದ ಯಂತ್ರ ಹೊತ್ತು ಮನೆಯಿಂದ ಮನೆಗೆ ಅಲೆದರು, ಕೂದಲಿನ ಬಣ್ಣ ಬದಲಿಸಿದರು. ಒಂದೇ ಕಡೆ ಹೆಚ್ಚು ಹೊತ್ತು ಸಂದೇಶ ಕಳಿಸಿದರೆ ಜರ್ಮನ್ನರ ಪತ್ತೆ ವಾಹನ ಬಾಗಿಲಿಗೆ ಬರುತ್ತಿತ್ತು. ಒಮ್ಮೆ ಮೆಟ್ರೋ ರೈಲಿನಲ್ಲಿ ಜರ್ಮನ್ ಸೈನಿಕರು ಪೆಟ್ಟಿಗೆಯಲ್ಲೇನಿದೆ ಎಂದು ಕೇಳಿದಾಗ, ಸಿನಿಮಾ ತೋರಿಸುವ ಯಂತ್ರವೆಂದು ಹೇಳಿ ಪಾರಾದರು. ಕಪಟ ಗೊತ್ತಿಲ್ಲದವಳು ಎನಿಸಿಕೊಂಡವರು ಇವರೇ!

ಅಕ್ಟೋಬರ್ ಮಧ್ಯದಲ್ಲಿ ಹಣದಾಸೆಗೆ ಯಾರೋ ಸುಳಿವು ಕೊಟ್ಟರು. ನೂರ್ ಸೆರೆಯಾದರು. ಅವರಿಂದ ಒಂದು ತಪ್ಪೂ ಆಗಿತ್ತು. ಕಳಿಸಿದ ಸಂದೇಶಗಳ ಪ್ರತಿಗಳನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅದನ್ನು ಬಳಸಿ ಜರ್ಮನ್ನರು ಲಂಡನ್ನಿಗೆ ಸುಳ್ಳು ಸಂದೇಶ ಕಳಿಸಿದರು. ಲಂಡನ್ ಅಧಿಕಾರಿಗಳು ಮೋಸವನ್ನು ಬೇಗ ಗುರುತಿಸಲಿಲ್ಲ. ಇದರಿಂದ ಫ್ರಾನ್ಸಿನಲ್ಲಿ ಇಳಿದ ಕೆಲವರು ಪ್ರಾಣ ತೆತ್ತರು. ಇದನ್ನು ಮರೆಮಾಚುವುದು ಸರಿಯಲ್ಲ. ಆದರೆ ಅವರ ಬಾಯಿಂದ ಯಾರ ಹೆಸರೂ ಹೊರಬರಲಿಲ್ಲ. ಇದಕ್ಕೆ ಪ್ಯಾರಿಸ್ಸಿನ ಜರ್ಮನ್ ಗುಪ್ತಚರ ಮುಖ್ಯಸ್ಥನೇ ಯುದ್ಧಾನಂತರ ಸಾಕ್ಷಿ ನುಡಿದ.

ಎರಡು ಬಾರಿ ತಪ್ಪಿಸಿಕೊಳ್ಳಲು ಯತ್ನಿಸಿ ಸಿಕ್ಕಿಬಿದ್ದರು. ಮತ್ತೆ ಯತ್ನಿಸುವುದಿಲ್ಲವೆಂದು ಬರೆದುಕೊಡಲು ನಿರಾಕರಿಸಿದ್ದರಿಂದ ಜರ್ಮನಿಯ ಫೋರ್ಟ್ಸ್‌ಹೈಮ್ ಸೆರೆಮನೆಗೆ ಕಳಿಸಿದರು. ಹತ್ತು ತಿಂಗಳು ಕೈಕಾಲಿಗೆ ಸರಪಳಿ, ಒಂಟಿ ಕೋಣೆ. ಊಟದ ಬಟ್ಟಲಿನ ತಳದಲ್ಲಿ ಹೆಸರು ಮತ್ತು ಲಂಡನ್ನಿನ ಟ್ಯಾವಿಟನ್ ಬೀದಿಯ 4ನೇ ನಂಬರಿನ ಮನೆ ವಿಳಾಸ ಗೀಚಿದರು. ಆ ಬಟ್ಟಲಿನ ಮೂಲಕವೇ ಅಕ್ಕಪಕ್ಕದ ಕೈದಿಗಳಿಗೆ ಅವರ ಪರಿಚಯವಾಯಿತು. 1944ರ ಸೆಪ್ಟೆಂಬರ್ 13ರ ಬೆಳಗಿನ ಜಾವ ಡಖಾವ್‌ನಲ್ಲಿ ಮತ್ತೆ ಮೂವರು ಮಹಿಳೆಯರೊಂದಿಗೆ ಅವರನ್ನು ಗುಂಡಿಕ್ಕಿ ಕೊಂದರು. ಆಗ ಅವರಿಗೆ 30 ವರ್ಷ.

ಲೇಖನಿ ಹಿಡಿದ ಇನ್ನೊಬ್ಬ ಮಹಿಳೆಯನ್ನೂ ಅದೇ ವರ್ಷ ನಾಜಿ ಶಿಬಿರ ಬಲಿ ತೆಗೆದುಕೊಂಡಿತು. ಕಾಫ್ಕಾನ ಕಥೆಗಳನ್ನು ಚೆಕ್ ಭಾಷೆಗೆ ಅನುವಾದಿಸಿದ ಪತ್ರಕರ್ತೆ ಮಿಲೆನಾ ಯೆಸೆನ್ಸ್ಕಾ ಅವರು ಮೇ ತಿಂಗಳಲ್ಲಿ ರಾವೆನ್ಸ್‌ಬ್ರುಕ್ ಶಿಬಿರದಲ್ಲಿ ತೀರಿಕೊಂಡಿದ್ದರು.

ಫ್ರಾನ್ಸ್ 1946ರಲ್ಲಿ ಕ್ರ್ವಾ ದ ಗೇರ್ ಪದಕವನ್ನೂ, ಬ್ರಿಟನ್ 1949ರಲ್ಲಿ ಜಾರ್ಜ್ ಕ್ರಾಸ್ ಪದಕವನ್ನೂ ನೂರ್‌ಗೆ ಮರಣೋತ್ತರವಾಗಿ ನೀಡಿದವು. 2012ರಲ್ಲಿ ಲಂಡನ್ನಿನ ಗಾರ್ಡನ್ ಸ್ಕ್ವೇರ್‌ನಲ್ಲಿ ಅವರ ಪ್ರತಿಮೆ ಅನಾವರಣಗೊಂಡಿತು. ಸೆರೆಮನೆಯ ಬಟ್ಟಲಿನ ಮೇಲೆ ಗೀಚಿದ್ದ ಅದೇ ವಿಳಾಸದ ಮನೆಯ ಗೋಡೆಗೆ 2020ರಲ್ಲಿ ಅವರ ಹೆಸರಿನ ಸ್ಮಾರಕ ಫಲಕ ಹಾಕಲಾಯಿತು.

ವಿದ್ಯಾರ್ಥಿ ಮಿತ್ರರೇ, ಧೈರ್ಯವೆಂದರೆ ಗಟ್ಟಿ ದನಿಯಲ್ಲ. ನಮ್ಮ ಧರ್ಮಪುರದಲ್ಲೂ ತರಗತಿಯ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುವ, ಕೇಳಿದರೂ ಮೆಲ್ಲಗೆ ಉತ್ತರಿಸುವ ಹೆಣ್ಣುಮಕ್ಕಳಿದ್ದಾರೆ. ಇವಳಿಂದ ಏನಾಗುತ್ತದೆ ಎಂದು ಅವರನ್ನು ಅಳೆಯುವ ಮುನ್ನ ನೂರ್‌ರನ್ನು ನೆನೆಯಿರಿ. ವಾನರ ರಾಜನ ಕಥೆಯನ್ನು ಮಕ್ಕಳಿಗೆ ಹೇಳಿದವರು, ಸಮಯ ಬಂದಾಗ ತಾವೇ ಸೇತುವೆಯಾಗಿ ನಿಂತರು.