ಚಳಿಗಾಲದ ಮಕ್ಕಳು ಮತ್ತು ಮೀನೆಣ್ಣೆ: ವಿಟಮಿನ್ ಡಿ ಗುಟ್ಟು ತಿಳಿಸಿದ ಹ್ಯಾರಿಯೆಟ್ ಚಿಕ್

ಚಳಿಗಾಲ ಬಂತೆಂದರೆ ವೈದ್ಯರ ಚೀಟಿಗಳಲ್ಲಿ ವಿಟಮಿನ್ ಡಿ ಹೆಚ್ಚಾಗಿ ಕಾಣುತ್ತದೆ. ಹಸುಗೂಸಿಗೆ ಹನಿ, ದೊಡ್ಡವರಿಗೆ ಪುಡಿಯ ಪೊಟ್ಟಣ ಇಲ್ಲವೇ ಕ್ಯಾಪ್ಸೂಲ್. ಇಷ್ಟು ಬಿಸಿಲಿರುವ ದೇಶದಲ್ಲಿ ಇದೆಲ್ಲ ಯಾಕೆ ಎಂದು ಮನೆಯವರು ಕೇಳುವುದು ಸಹಜ. ಈ ಪ್ರಶ್ನೆಗೆ ಉತ್ತರದ ದೊಡ್ಡ ಭಾಗ ಸಿಕ್ಕಿದ್ದು ನೂರು ವರ್ಷಗಳ ಹಿಂದೆ, ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ಮಕ್ಕಳ ಆಸ್ಪತ್ರೆಯಲ್ಲಿ. ಅದನ್ನು ಹುಡುಕಿದ ತಂಡದ ಮುಖ್ಯಸ್ಥೆ ಬ್ರಿಟನ್ನಿನ ವಿಜ್ಞಾನಿ ಹ್ಯಾರಿಯೆಟ್ ಚಿಕ್.

ಲೇಸ್ ವ್ಯಾಪಾರಿಯ ಮಗಳು

ಹ್ಯಾರಿಯೆಟ್ ಹುಟ್ಟಿದ್ದು 1875ರ ಜನವರಿ 6ರಂದು, ಲಂಡನ್ನಿನಲ್ಲಿ. ತಂದೆ ಲೇಸ್ ವ್ಯಾಪಾರಿ. ಮನೆಯಲ್ಲಿ ಕಟ್ಟುನಿಟ್ಟಿನ ಮೆಥಡಿಸ್ಟ್ ಕ್ರೈಸ್ತ ಶಿಸ್ತು. ಆದರೂ ಹೆಣ್ಣುಮಕ್ಕಳ ಓದಿಗೆ ಅಡ್ಡಿಯಿರಲಿಲ್ಲ. ಹ್ಯಾರಿಯೆಟ್ ಯೂನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿ ಓದಿ, ವಿಯೆನ್ನಾ ಮತ್ತು ಮ್ಯೂನಿಕ್‌ಗಳಲ್ಲಿ ಸಂಶೋಧನೆ ಕಲಿತು, 1904ರಲ್ಲಿ ಡಾಕ್ಟರೇಟ್ ಪಡೆದರು.

ಮರುವರ್ಷ ಲಂಡನ್ನಿನ ಲಿಸ್ಟರ್ ಸಂಸ್ಥೆಗೆ ಅರ್ಜಿ ಹಾಕಿದರು. ಹೆಂಗಸಿಗೆ ಕೆಲಸ ಕೊಡಬಾರದು ಎಂದು ಅಲ್ಲಿನ ಇಬ್ಬರು ಆಕ್ಷೇಪಿಸಿದರು. ನಿರ್ದೇಶಕ ಚಾರ್ಲ್ಸ್ ಮಾರ್ಟಿನ್ ಅದಕ್ಕೆ ಕಿವಿಗೊಡಲಿಲ್ಲ. 1908ರಲ್ಲಿ ಅವರಿಬ್ಬರೂ ಸೇರಿ ರೋಗಾಣುನಾಶಕ ದ್ರಾವಣಗಳ ಬಲ ಅಳೆಯುವ ವಿಧಾನವೊಂದನ್ನು ರೂಪಿಸಿದರು. ಅದೇ ಚಿಕ್-ಮಾರ್ಟಿನ್ ಪರೀಕ್ಷೆ. ಫಾರ್ಮಸಿ ಓದಿದವರಿಗೆ ಈ ಹೆಸರು ಗೊತ್ತು.

ಮೊದಲ ಮಹಾಯುದ್ಧ ಅವರನ್ನು ಆಹಾರದ ಕಡೆಗೆ ತಿರುಗಿಸಿತು. ಇಂದಿನ ಇರಾಕ್ ಪ್ರದೇಶದಲ್ಲಿ ಹೋರಾಡುತ್ತಿದ್ದ ಭಾರತೀಯ ಸೈನಿಕರಿಗೆ ತಾಜಾ ತರಕಾರಿ ಸಿಗದೆ ಸ್ಕರ್ವಿ ರೋಗ ಬರುತ್ತಿತ್ತು. ಒಣಕಾಳಿನಲ್ಲಿ ಇಲ್ಲದಂತಿದ್ದ ಸ್ಕರ್ವಿ ತಡೆಯುವ ಗುಣ, ಅದೇ ಕಾಳು ಮೊಳಕೆಯೊಡೆದಾಗ ಬರುತ್ತದೆ ಎಂದು ಚಿಕ್ ಮತ್ತು ಅವರ ಸಹೋದ್ಯೋಗಿ ಪ್ರಯೋಗದಿಂದ ತೋರಿಸಿ, 1919ರಲ್ಲಿ ಪ್ರಕಟಿಸಿದರು.

ವಿಯೆನ್ನಾದ ಎರಡು ಆಹಾರಗಳು

ಅದೇ 1919ರ ಕೊನೆಗೆ ಚಿಕ್ ಮತ್ತು ಆಸ್ಟ್ರೇಲಿಯಾದ ವೈದ್ಯೆ ಎಲ್ಸಿ ಡಾಲಿಯೆಲ್ ವಿಯೆನ್ನಾಕ್ಕೆ ಹೋದರು. ಯುದ್ಧದಲ್ಲಿ ಸೋತ ನಗರ ಹಸಿವಿನಲ್ಲಿತ್ತು. ಮಕ್ಕಳಲ್ಲಿ ರಿಕೆಟ್ಸ್ ವ್ಯಾಪಕವಾಗಿತ್ತು. ಈ ರೋಗದಲ್ಲಿ ಬೆಳೆಯುವ ಮೂಳೆ ಗಟ್ಟಿಯಾಗುವುದಿಲ್ಲ, ಮಣಿಕಟ್ಟು ಉಬ್ಬುತ್ತದೆ, ಕಾಲು ಬಾಗುತ್ತದೆ.

ರಿಕೆಟ್ಸ್‌ಗೆ ಕಾರಣವೇನೆಂಬ ಬಗ್ಗೆ ಆಗ ಒಮ್ಮತವಿರಲಿಲ್ಲ. ಕೆಲವರು ಸೋಂಕು ಎಂದರು. ಕೆಲವರು ಕೊಳಕು, ಕತ್ತಲೆ ಮನೆಗಳನ್ನು ದೂರಿದರು. ಇನ್ನು ಕೆಲವರು ಆಹಾರದ ಕೊರತೆ ಎಂದರು. ಆಸ್ಪತ್ರೆಯ ಮುಖ್ಯಸ್ಥ ಕ್ಲೆಮೆನ್ಸ್ ಫಾನ್ ಪಿರ್ಕೆ ಹೆಸರಾಂತ ವೈದ್ಯರು. ಅಲರ್ಜಿ ಎಂಬ ಪದವನ್ನು ಕೊಟ್ಟವರೇ ಅವರು. ಅವರದು ಸೋಂಕಿನ ಪಕ್ಷ. ಆದರೂ ಚಿಕ್ ತಂಡಕ್ಕೆ ತಮ್ಮ ವಾರ್ಡನ್ನು ತೆರೆದುಕೊಟ್ಟರು.

ಹಸುಗೂಸುಗಳನ್ನು ಎರಡು ಗುಂಪು ಮಾಡಲಾಯಿತು. ಒಂದೇ ಆಸ್ಪತ್ರೆ, ಒಂದೇ ಶುಚಿತ್ವ, ಒಂದೇ ಆರೈಕೆ. ಒಂದು ಗುಂಪಿಗೆ ಅಲ್ಲಿ ರೂಢಿಯಲ್ಲಿದ್ದ ಹಾಲಿನ ಆಹಾರ. ಇನ್ನೊಂದು ಗುಂಪಿನ ಆಹಾರಕ್ಕೆ ಕಾಡ್ ಮೀನಿನ ಯಕೃತ್ತಿನ ಎಣ್ಣೆಯೂ ಸೇರಿತ್ತು. ಮೂಳೆಯ ಸ್ಥಿತಿಯನ್ನು ಎಕ್ಸ್‌ರೇಯಲ್ಲಿ ನೋಡುತ್ತ ಹೋದರು.

ಚಳಿಗಾಲದಲ್ಲಿ ರೂಢಿಯ ಆಹಾರದ ಗುಂಪಿನಲ್ಲಿ ರಿಕೆಟ್ಸ್ ಕಾಣಿಸಿಕೊಂಡಿತು. ಎಣ್ಣೆ ಕುಡಿದ ಗುಂಪಿನಲ್ಲಿ ಬರಲಿಲ್ಲ. ಬೇಸಿಗೆಯಲ್ಲಿ ಮಾತ್ರ ಎರಡೂ ಗುಂಪಿನ ಮಕ್ಕಳು ಸುರಕ್ಷಿತವಾಗಿದ್ದರು. ರೋಗ ಬಂದ ಮಕ್ಕಳು ಮೀನೆಣ್ಣೆಯಿಂದಲೂ ಗುಣವಾದರು, ಬಿಸಿಲಿನಿಂದಲೂ ಗುಣವಾದರು, ನೇರಳಾತೀತ ಕಿರಣ ಸೂಸುವ ಪಾದರಸದ ದೀಪದಿಂದಲೂ ಗುಣವಾದರು. ಈ ದೀಪದ ಗುಣವನ್ನು ಬರ್ಲಿನ್ನಿನ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್ಕಿ ಸ್ವಲ್ಪ ಮೊದಲೇ ಕಂಡಿದ್ದರು.

ಇದರ ಅರ್ಥ ಸರಳ. ಬಿಸಿಲು ಮತ್ತು ಎಣ್ಣೆ ಒಂದೇ ಕೆಲಸ ಮಾಡುತ್ತವೆ. ಬಿಸಿಲು ಸೋತ ತಿಂಗಳುಗಳಲ್ಲಿ ಇನ್ನೊಂದು ದಾರಿ ಬೇಕು. ಶುಚಿಯಾದ ಆಸ್ಪತ್ರೆಯಲ್ಲೂ ರಿಕೆಟ್ಸ್ ಬಂದದ್ದರಿಂದ, ತಾಯಿಯ ಶುಚಿತ್ವವನ್ನು ದೂರುವುದಕ್ಕೂ ಆಧಾರ ಉಳಿಯಲಿಲ್ಲ. 1922ರಲ್ಲಿ ಅಮೆರಿಕದ ಎಲ್ಮರ್ ಮೆಕಾಲಮ್ ಎಣ್ಣೆಯಲ್ಲಿದ್ದ ಆ ಅಂಶವನ್ನು ಬೇರೆಯಾಗಿ ಗುರುತಿಸಿದರು. ಅದಕ್ಕೆ ವಿಟಮಿನ್ ಡಿ ಎಂಬ ಹೆಸರು ಬಂತು.

ಚಿಕ್ ಅಲ್ಲಿಗೇ ನಿಲ್ಲಲಿಲ್ಲ. ಗೋಧಿ ಹಿಟ್ಟಿನ ಪೌಷ್ಟಿಕತೆಯ ಮೇಲೆ ಕೆಲಸ ಮಾಡಿದರು. 1941ರಲ್ಲಿ ಬ್ರಿಟನ್ನಿನ ನ್ಯೂಟ್ರಿಷನ್ ಸೊಸೈಟಿ ಕಟ್ಟಿದವರಲ್ಲಿ ಒಬ್ಬರಾದರು. 1949ರಲ್ಲಿ ಡೇಮ್ ಗೌರವ ಪಡೆದರು. 1977ರ ಜುಲೈನಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಚಳಿಗಾಲಕ್ಕೆ ಇದರ ಪಾಠ

ನಮ್ಮ ಊರುಗಳು ವಿಯೆನ್ನಾದಂತಲ್ಲ. ಚೆನ್ನೈ, ಮುಂಬೈಗಳಲ್ಲಿ ಚಳಿಗಾಲದಲ್ಲೂ ಬಿಸಿಲು ಉಪಯೋಗಕ್ಕೆ ಬರುತ್ತದೆ. ದೆಹಲಿಯಲ್ಲಿ ಸೂರ್ಯ ಓರೆಯಾಗುತ್ತಾನೆ, ಮಂಜು ಮತ್ತು ಹೊಗೆ ಸೇರಿ ವಿಟಮಿನ್ ತಯಾರಿಸುವ ಕಿರಣಗಳು ಇನ್ನಷ್ಟು ಕಡಿಮೆಯಾಗುತ್ತವೆ. ಎಲ್ಲ ಊರಲ್ಲೂ ಮನೆಯೊಳಗೇ ಇರುವ ವೃದ್ಧರು, ಹಾಸಿಗೆ ಹಿಡಿದವರು, ಹಸುಗೂಸುಗಳಿಗೆ ಕೊರತೆಯ ಭಯ ಹೆಚ್ಚು.

• ಕೂಸನ್ನು ಎಳೆಬಿಸಿಲಿಗೆ ಹಿಡಿಯುವುದು ನಮ್ಮ ರೂಢಿ. ಮೈ ಬೆಚ್ಚಗಾಗುತ್ತದೆ, ಆದರೆ ಆ ಹೊತ್ತಿನಲ್ಲಿ ವಿಟಮಿನ್ ಡಿ ತಯಾರಾಗುವುದು ತೀರಾ ಕಡಿಮೆ. ಅದನ್ನು ನಂಬಿ ಹನಿ ನಿಲ್ಲಿಸಬೇಡಿ. ದೊಡ್ಡವರು ಚಳಿಗಾಲದಲ್ಲಿ ಮಧ್ಯಾಹ್ನದ ಆಸುಪಾಸು ಸ್ವಲ್ಪ ಹೊತ್ತು ಮುಖ, ಕೈಕಾಲಿಗೆ ಬಿಸಿಲು ತಾಗಿಸಬಹುದು. ಕಿಟಕಿಯ ಗಾಜಿನ ಹಿಂದೆ ಕುಳಿತರೆ ಪ್ರಯೋಜನವಿಲ್ಲ.

• ಮೊಟ್ಟೆಯ ಹಳದಿ, ಬಂಗುಡೆಯಂಥ ಕೊಬ್ಬಿನ ಮೀನುಗಳಲ್ಲಿ ವಿಟಮಿನ್ ಡಿ ಇದೆ. ಸಸ್ಯಾಹಾರಿಗಳು ಪ್ಲಸ್ ಎಫ್ ಗುರುತಿರುವ ಹಾಲು, ಅಡುಗೆ ಎಣ್ಣೆ ಕೊಳ್ಳಬಹುದು.

• ದಿನದ ಶಿಫಾರಸು ಹಸುಗೂಸಿಗೆ 400 ಐಯು, ದೊಡ್ಡವರಿಗೆ 600 ಐಯು. ಹನಿಯ ಬಾಟಲಿಗಳ ಸಾಂದ್ರತೆ ಬೇರೆಬೇರೆ ಇರುತ್ತದೆ. ಆಯಾ ಬಾಟಲಿಯ ಜೊತೆ ಬಂದ ಡ್ರಾಪರನ್ನೇ ಬಳಸಿ.

• 60,000 ಐಯು ಪೊಟ್ಟಣ ದಿನನಿತ್ಯದ ಔಷಧವಲ್ಲ. ಸಾಮಾನ್ಯವಾಗಿ ಅದನ್ನು ಕೆಲವು ವಾರಗಳ ಮಟ್ಟಿಗೆ, ವಾರಕ್ಕೊಮ್ಮೆ ಕೊಡುತ್ತಾರೆ. ದಿನಾ ತೆಗೆದುಕೊಳ್ಳುತ್ತ ಹೋದರೆ ರಕ್ತದಲ್ಲಿ ಕ್ಯಾಲ್ಸಿಯಂ ಅತಿಯಾಗಿ ವಾಂತಿ, ವಿಪರೀತ ಬಾಯಾರಿಕೆ, ಮಲಬದ್ಧತೆ, ಗೊಂದಲ ಕಾಣಿಸಬಹುದು, ಮೂತ್ರಪಿಂಡ ಕೆಡಬಹುದು. ತೆಗೆದುಕೊಳ್ಳುವ ವಾರವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಊಟದ ಜೊತೆ ತೆಗೆದುಕೊಳ್ಳುವುದು ಒಳ್ಳೆಯದು.

• ಮೂತ್ರಪಿಂಡದ ಕಾಯಿಲೆ ಅಥವಾ ಕಲ್ಲು ಇದ್ದರೆ, ಡಿಗಾಕ್ಸಿನ್ ಇಲ್ಲವೇ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಿದ್ದರೆ, ವಿಟಮಿನ್ ಡಿ ಶುರು ಮಾಡುವ ಮೊದಲು ವೈದ್ಯರಿಗೆ ತಿಳಿಸಿ.

ವಿಯೆನ್ನಾದ ಬೇಸಿಗೆಯಲ್ಲಿ ಎಣ್ಣೆ ಕುಡಿಯದ ಮಕ್ಕಳೂ ಚೆನ್ನಾಗಿದ್ದರು ಎಂಬುದನ್ನು ಮರೆಯಬಾರದು. ವಿಟಮಿನ್ ಡಿ ಎಷ್ಟು ಬೇಕು ಎಂಬುದು ಋತು, ವಯಸ್ಸು, ಆರೋಗ್ಯ ನೋಡಿ ತೀರ್ಮಾನವಾಗಬೇಕು. ಚೀಟಿಯಲ್ಲಿ ಬರೆದ ಅವಧಿ ಮುಗಿದ ಮೇಲೆ ಹಳೆಯ ಚೀಟಿ ತೋರಿಸಿ ಮತ್ತೆ ಕೊಳ್ಳಬೇಡಿ. ಮುಂದುವರಿಸಬೇಕೇ, ನಿಲ್ಲಿಸಬೇಕೇ ಎಂದು ವೈದ್ಯರನ್ನು ಕೇಳಿ.