ಪದವಿ ಸಿಗದ ಗಣಿತಜ್ಞನ ಮಾತೃಕೆ

ಮಕ್ಕಳೇ, ನಿಮ್ಮ ಶಾಲೆಯ ಬಿಸಿಯೂಟದ ಲೆಕ್ಕದ ಪುಸ್ತಕವನ್ನು ಒಮ್ಮೆ ನೋಡಿ. ಒಂದೊಂದು ಅಡ್ಡಸಾಲಿಗೆ ಒಂದೊಂದು ತರಗತಿ, ಒಂದೊಂದು ಕಂಬಸಾಲಿಗೆ ವಾರದ ಒಂದೊಂದು ದಿನ, ನಡುವೆ ಊಟ ಮಾಡಿದವರ ಸಂಖ್ಯೆ. ಹೆಸರುಗಳನ್ನೂ ಗೆರೆಗಳನ್ನೂ ತೆಗೆದು ಸಂಖ್ಯೆಗಳನ್ನು ಮಾತ್ರ ಇದ್ದಲ್ಲೇ ಉಳಿಸಿದರೆ ಅದೊಂದು ಮಾತೃಕೆ. ಇಂಗ್ಲಿಷಿನಲ್ಲಿ ಮ್ಯಾಟ್ರಿಕ್ಸ್. ಇಂಜಿನಿಯರಿಂಗ್ ಓದುವ ನಿಮ್ಮ ಅಕ್ಕಂದಿರು, ಅಣ್ಣಂದಿರು ಇದರಲ್ಲೇ ಹತ್ತಾರು ಬಗೆಗಳನ್ನು ಕಲಿಯುತ್ತಾರೆ. ಸಂಖ್ಯೆಗಳ ಈ ಜೋಡಣೆಗೆ 1850ರಲ್ಲಿ ಹೆಸರಿಟ್ಟವರು ಜೇಮ್ಸ್ ಜೋಸೆಫ್ ಸಿಲ್ವೆಸ್ಟರ್.

ಸಿಲ್ವೆಸ್ಟರ್ ಹುಟ್ಟಿದ್ದು 1814ರ ಸೆಪ್ಟೆಂಬರ್ 3ರಂದು, ಲಂಡನ್ನಿನ ಒಂದು ಯಹೂದಿ ಕುಟುಂಬದಲ್ಲಿ. ಹದಿನಾಲ್ಕನೆಯ ವಯಸ್ಸಿನಲ್ಲಿ ಅವರಿಗೆ ಗಣಿತ ಕಲಿಸಿದವರು ಆಗಸ್ಟಸ್ ಡಿ ಮಾರ್ಗನ್. ಈ ಡಿ ಮಾರ್ಗನ್ ಹುಟ್ಟಿದ್ದು ನಮ್ಮ ನೆರೆಯ ತಮಿಳುನಾಡಿನ ಮಧುರೆಯಲ್ಲಿ!

1831ರಲ್ಲಿ ಸಿಲ್ವೆಸ್ಟರ್ ಪ್ರಸಿದ್ಧ ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಸೇರಿದರು. ಕಾಯಿಲೆಯಿಂದ ಓದು ನಡುವೆ ನಿಂತಿತು. ಮತ್ತೆ ಹೋಗಿ, 1837ರ ಗಣಿತದ ಅಂತಿಮ ಪರೀಕ್ಷೆಯಲ್ಲಿ ಇಡೀ ವಿಶ್ವವಿದ್ಯಾಲಯಕ್ಕೆ ಎರಡನೆಯವರಾಗಿ ತೇರ್ಗಡೆಯಾದರು. ಆದರೆ ಪದವಿ ಸಿಗಲಿಲ್ಲ. ಏಕೆ ಗೊತ್ತೇ? ಪದವಿ ಪಡೆಯುವವರು ಇಂಗ್ಲೆಂಡಿನ ಚರ್ಚಿನ ನಂಬಿಕೆಗಳನ್ನು ಒಪ್ಪಿದ್ದೇವೆಂದು ಸಹಿ ಹಾಕಬೇಕಿತ್ತು. ಯಹೂದಿಯಾದ ಸಿಲ್ವೆಸ್ಟರ್ ಸಹಿ ಹಾಕಲಿಲ್ಲ. ಅವರಿಗಿಂತ ಕಡಿಮೆ ಅಂಕ ಪಡೆದವರೆಲ್ಲ ಪದವೀಧರರಾಗಿ ಹೊರಬಂದರು. ಅವರು ಬರಿಗೈಯಲ್ಲಿ ಬಂದರು.

ಧರ್ಮ ಕೇಳದ ಲಂಡನ್ನಿನ ಒಂದು ಕಾಲೇಜಿನಲ್ಲಿ ಸ್ವಲ್ಪ ಕಾಲ ಪಾಠ ಹೇಳಿದರು. ಅಮೆರಿಕದ ವರ್ಜೀನಿಯಾಕ್ಕೆ ಹೋಗಿ ಕೆಲವೇ ತಿಂಗಳಲ್ಲಿ ಆ ಕೆಲಸ ಬಿಟ್ಟರು. ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಯಾವ ವಿಶ್ವವಿದ್ಯಾಲಯದಲ್ಲೂ ಅವರಿಗೆ ಜಾಗವಿರಲಿಲ್ಲ. ಹೊಟ್ಟೆಪಾಡಿಗೆ ವಿಮಾ ಕಂಪನಿಯಲ್ಲಿ ಲೆಕ್ಕ ಹಾಕಿದರು, ಕಾನೂನು ಓದಿ ವಕೀಲರಾದರು. ಅದೂ ಒಳ್ಳೆಯದೇ ಆಯಿತೆನ್ನಿ. ಆರ್ಥರ್ ಕೇಲಿ ಎಂಬ ಇನ್ನೊಬ್ಬ ಗಣಿತಜ್ಞರೂ ಆಗ ಲಂಡನ್ನಿನಲ್ಲಿ ವಕೀಲರಾಗಿದ್ದರು. ಇಬ್ಬರೂ ಗೆಳೆಯರಾಗಿ, ಭೇಟಿಯಾದಾಗಲೆಲ್ಲ ಗಣಿತವನ್ನೇ ಮಾತಾಡಿದರು. ಮಾತೃಕೆಗಳ ಗಣಿತ ಬೆಳೆದದ್ದು ಬಹುಪಾಲು ಈ ಇಬ್ಬರು ವಕೀಲರಿಂದ.

ಮ್ಯಾಟ್ರಿಕ್ಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಗರ್ಭ. ಒಂದು ದೊಡ್ಡ ಜೋಡಣೆಯಿಂದ ಸಾಲುಗಳನ್ನು ಆರಿಸಿಕೊಂಡು ಅನೇಕ ಚಿಕ್ಕ ಜೋಡಣೆಗಳನ್ನು ಪಡೆಯಬಹುದು. ತಾಯಿಯಿಂದ ಮಕ್ಕಳು ಹುಟ್ಟಿದಂತೆ ಎಂದುಕೊಂಡು ಸಿಲ್ವೆಸ್ಟರ್ ಆ ಹೆಸರಿಟ್ಟರು. ಕನ್ನಡದ ಮಾತೃಕೆ ಎಂಬ ಪದದಲ್ಲಿಯೂ ತಾಯಿ ಇದ್ದಾಳೆ, ನೋಡಿದಿರಾ? ಹೆಸರಿಡುವುದೆಂದರೆ ಅವರಿಗೆ ಬಲು ಇಷ್ಟ. ಹತ್ತನೆಯ ತರಗತಿಯಲ್ಲಿ ನೀವು ಕಲಿಯಲಿರುವ ಶೋಧಕಕ್ಕೂ ಇಂಗ್ಲಿಷಿನಲ್ಲಿ ಹೆಸರು ಕೊಟ್ಟವರು ಅವರೇ.

1855ರಿಂದ ಅವರು ವುಲಿಚ್‌ನ ಸೈನಿಕ ಶಾಲೆಯಲ್ಲಿ ಅಧ್ಯಾಪಕರು. ಅಲ್ಲಿದ್ದಾಗ, 1867ರಲ್ಲಿ, ಒಂದು ವಿಶೇಷ ಮಾತೃಕೆಯ ಬಗ್ಗೆ ಬರೆದರು. ಅದರಲ್ಲಿ ಇರುವುದು +1 ಮತ್ತು −1 ಮಾತ್ರ. ನಾವು ಚಿಹ್ನೆಗಳನ್ನಷ್ಟೇ ಬರೆಯೋಣ. ಮೊದಲು ಚಿಕ್ಕದು:

+ +
+ −

ಇದನ್ನೇ ಬಲಕ್ಕೊಮ್ಮೆ, ಕೆಳಕ್ಕೊಮ್ಮೆ ನಕಲು ಮಾಡಿ. ಬಲಗಡೆಯ ಕೆಳಮೂಲೆಯಲ್ಲಿ ಮಾತ್ರ ಎಲ್ಲ ಚಿಹ್ನೆಗಳನ್ನೂ ತಿರುಗಿಸಿ ಬರೆಯಿರಿ:

+ + + +
+ − + −
+ + − −
+ − − +

ಈಗ ಯಾವುದಾದರೂ ಎರಡು ಅಡ್ಡಸಾಲುಗಳನ್ನು ಹೋಲಿಸಿ. ಎರಡು ಸ್ಥಾನಗಳಲ್ಲಿ ಚಿಹ್ನೆ ಒಂದೇ, ಎರಡರಲ್ಲಿ ಬೇರೆ. ಸರಿಯಾಗಿ ಅರ್ಧಕ್ಕರ್ಧ! ಹೀಗೆಯೇ 8, 16, 32 ಸಾಲುಗಳವರೆಗೆ ಬೆಳೆಸಿದರೂ ಈ ಗುಣ ಕೆಡುವುದಿಲ್ಲ. ಎಂಟು ಸಾಲಿನದನ್ನು ನೀವೇ ಬರೆದು ಎಣಿಸಿ. ನೆಲಕ್ಕೆ ಹಾಸುವ ಬಣ್ಣದ ಬಿಲ್ಲೆಗಳ ವಿನ್ಯಾಸಕ್ಕೂ ಇದು ಆಗುತ್ತದೆಂದು ಸಿಲ್ವೆಸ್ಟರ್ ಯೋಚಿಸಿದ್ದರು. 1893ರಲ್ಲಿ ಫ್ರಾನ್ಸಿನ ಹಡಮಾರ್ಡ್ ಇಂತಹ ಮಾತೃಕೆಗಳನ್ನು ಮತ್ತಷ್ಟು ಅಧ್ಯಯನ ಮಾಡಿದ್ದರಿಂದ ಇವಕ್ಕೆ ಹಡಮಾರ್ಡ್ ಮಾತೃಕೆಗಳೆಂಬ ಹೆಸರೇ ನಿಂತಿತು. ಎಲ್ಲದಕ್ಕೂ ಹೆಸರಿಟ್ಟವರಿಗೆ ಇಲ್ಲಿ ಮಾತ್ರ ಹೆಸರು ದಕ್ಕಲಿಲ್ಲ.

ಸೈನಿಕ ಶಾಲೆ ಅವರನ್ನು 55ನೆಯ ವಯಸ್ಸಿಗೇ ನಿವೃತ್ತಿಗೊಳಿಸಿತು. 1871ರಲ್ಲಿ ಇಂಗ್ಲೆಂಡಿನ ಕಾನೂನು ಬದಲಾಗಿ, ಮರುವರ್ಷ ಕೇಂಬ್ರಿಡ್ಜ್ ಕೊನೆಗೂ ಪದವಿ ಕೊಟ್ಟಿತು, ಪರೀಕ್ಷೆ ಮುಗಿದ 35 ವರ್ಷಗಳ ಮೇಲೆ!

1876ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಹೊಸದಾಗಿ ಆರಂಭವಾದಾಗ ಗಣಿತಕ್ಕೆ ಕರೆದದ್ದು ಸಿಲ್ವೆಸ್ಟರ್ ಅವರನ್ನು. ಆಗ ಅವರಿಗೆ 60 ದಾಟಿತ್ತು. ಅಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. 1878ರಲ್ಲಿ ಕ್ರಿಸ್ಟೀನ್ ಲ್ಯಾಡ್ ಎಂಬಾಕೆ ಅರ್ಜಿ ಹಾಕಿದರು. ಆಕೆಯ ಗಣಿತ ಬರಹಗಳನ್ನು ಮೊದಲೇ ಓದಿದ್ದ ಸಿಲ್ವೆಸ್ಟರ್, ಸೇರಿಸಿಕೊಳ್ಳಲೇಬೇಕೆಂದು ಆಡಳಿತದವರನ್ನು ಒತ್ತಾಯಿಸಿ ಒಪ್ಪಿಸಿದರು. 1882ರ ಹೊತ್ತಿಗೆ ಆಕೆ ಡಾಕ್ಟರೇಟ್‌ಗೆ ಬೇಕಾದ ಕೆಲಸವನ್ನೆಲ್ಲ ಮುಗಿಸಿದರು. ಆದರೆ ಹೆಣ್ಣೆಂಬ ಕಾರಣಕ್ಕೆ ವಿಶ್ವವಿದ್ಯಾಲಯ ಪದವಿ ಕೊಡಲಿಲ್ಲ. ಕೊಟ್ಟದ್ದು 1926ರಲ್ಲಿ. ಗುರುವಿನದು 35 ವರ್ಷ, ಶಿಷ್ಯೆಯದು 44 ವರ್ಷ!

1883ರಲ್ಲಿ ಸಿಲ್ವೆಸ್ಟರ್ ಆಕ್ಸ್‌ಫರ್ಡ್‌ನ ಪ್ರಾಧ್ಯಾಪಕರಾಗಿ ತಾಯ್ನಾಡಿಗೆ ಮರಳಿದರು. 1897ರ ಮಾರ್ಚ್ 15ರಂದು ಲಂಡನ್ನಿನಲ್ಲಿ ತೀರಿಕೊಂಡರು.

ಅವರ + − ಮಾತೃಕೆ ಏನಾಯಿತು? 1971ರ ನವೆಂಬರಿನಲ್ಲಿ ಅಮೆರಿಕದ ಮ್ಯಾರಿನರ್ 9 ನೌಕೆ ಮಂಗಳ ಗ್ರಹವನ್ನು ಸುತ್ತತೊಡಗಿತು. ಅದು ತೆಗೆದ ಚಿತ್ರಗಳು ರೇಡಿಯೋ ಸಂಕೇತಗಳಾಗಿ ಕೋಟ್ಯಂತರ ಕಿಲೋಮೀಟರ್ ದಾಟಿ ಭೂಮಿಗೆ ಬರಬೇಕಿತ್ತು. ಅಷ್ಟು ದೂರದಿಂದ ಬರುವಾಗ ಸಂಕೇತ ಕ್ಷೀಣಿಸಿ, ಕೆಲವು + ಗಳು − ಆಗಿಬಿಡುತ್ತವೆ. ಚಿತ್ರದ ಒಂದೊಂದು ಚುಕ್ಕೆಗೂ ಕಪ್ಪಿನಿಂದ ಬಿಳಿಯವರೆಗೆ 64 ಛಾಯೆಗಳಲ್ಲಿ ಒಂದು. 32 ಸಾಲಿನ ಮಾತೃಕೆಯಲ್ಲಿ 32 ಸಾಲುಗಳು, ಅವುಗಳನ್ನೇ ಚಿಹ್ನೆ ತಿರುಗಿಸಿ ಬರೆದರೆ ಮತ್ತೆ 32. ಒಟ್ಟು 64! ಒಂದು ಛಾಯೆಗೆ ಒಂದು ಸಾಲು. ಈ ಸಾಲುಗಳಲ್ಲಿ ಯಾವ ಎರಡನ್ನು ತೆಗೆದುಕೊಂಡರೂ ಕನಿಷ್ಠ 16 ಸ್ಥಾನಗಳಲ್ಲಿ ಬೇರೆಯಾಗಿರುತ್ತವೆ. ಆದ್ದರಿಂದ 7 ಚಿಹ್ನೆಗಳು ತಪ್ಪಾಗಿ ಬಂದರೂ ನಿಜವಾದ ಸಾಲಿನಿಂದ ವ್ಯತ್ಯಾಸ 7 ಮಾತ್ರ, ಉಳಿದ ಯಾವ ಸಾಲಿನಿಂದಲೂ ಕನಿಷ್ಠ 9. ಕಡಿಮೆ ವ್ಯತ್ಯಾಸದ ಸಾಲನ್ನು ಆರಿಸಿಕೊಂಡರೆ ಕಳುಹಿಸಿದ್ದು ಯಾವುದೆಂದು ತಿಳಿಯಿತು.

ನೌಕೆ ತಲುಪಿದಾಗ ಮಂಗಳದ ತುಂಬ ಧೂಳಿನ ಬಿರುಗಾಳಿ. ಧೂಳು ಇಳಿಯಿತು, ಒಟ್ಟು ಏಳು ಸಾವಿರಕ್ಕೂ ಹೆಚ್ಚು ಚಿತ್ರಗಳು ಬಂದವು. ಎವರೆಸ್ಟಿಗಿಂತ ಎರಡು ಪಟ್ಟಿಗೂ ಎತ್ತರದ ಒಂದು ಜ್ವಾಲಾಮುಖಿ ಪರ್ವತ ಅವುಗಳಲ್ಲಿ ಕಂಡಿತು.